ಅರ್ಧ ಅಂಕದ ಸಾಲ



2023ರ ನವೆಂಬರ್ ತಿಂಗಳ ಮೊದಲ ವಾರ. ಬೆಳಗಿನ ಕಾಫಿ ಮುಗಿಸಿ ಪತ್ರಿಕೆ ಬಿಡಿಸುತ್ತಿದ್ದಾಗ ಫೋನು ಬಂದಿತು. "ಮೇಷ್ಟ್ರೇ, ನಾನು ನಿಮ್ಮ ಶಿಷ್ಯೆ. ಈಗ ನಮ್ಮೂರ ಗ್ರಾಮ ಪಂಚಾಯಿತಿ ಮೆಂಬರು. ಹದಿನೈದು ದಿನ ಕಳೆದು ಮಕ್ಕಳ ಗ್ರಾಮಸಭೆ ಇಟ್ಟುಕೊಂಡಿದ್ದೇವೆ. ಪಂಚಾಯಿತಿ ಅಂದರೆ ಏನು, ಹೇಗೆ ನಡೆಯುತ್ತೆ ಅಂತ ಮಕ್ಕಳಿಗೆ ಅರ್ಧ ಗಂಟೆ ಹೇಳಿಕೊಡಬೇಕು. ನೀವು ಇಲ್ಲ ಅನ್ನಬಾರದು" ಎಂದಳು. ನಾನು ಅಧ್ಯಾಪಕನಾಗಿ ಬಹುಕಾಲ ದುಡಿದ, ತುಮಕೂರು ಜಿಲ್ಲೆಯ ಆ ಹಳ್ಳಿಯ ಹೆಸರು ಕಿವಿಗೆ ಬಿದ್ದೊಡನೆ ಒಪ್ಪಿಕೊಂಡೆ. ಮೂವತ್ತಕ್ಕೂ ಹೆಚ್ಚು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದವನಿಗೆ ಅರ್ಧ ಗಂಟೆಯ ಮಾತು ಎಷ್ಟರ ಕೆಲಸ!

ಆದರೆ ಅಂದು ರಾತ್ರಿ ಅಟ್ಟದ ಮೇಲಿನ ಟ್ರಂಕಿನಿಂದ ಹಳೆಯ ಟಿಪ್ಪಣಿ ಪುಸ್ತಕವನ್ನು ಇಳಿಸಿ ಓದತೊಡಗಿದಾಗ ಮನಸ್ಸು ಹಿಂಜರಿಯಿತು. "ಗ್ರಾಮ ಪಂಚಾಯಿತಿ: ರಚನೆ, ಅಧಿಕಾರ, ಕಾರ್ಯಗಳು" ಎಂಬ ತಲೆಬರಹದ ಕೆಳಗೆ ಒಂದರಿಂದ ಹನ್ನೆರಡರವರೆಗೆ ಅಂಕಿಗಳು. ಕುಡಿಯುವ ನೀರು, ಬೀದಿದೀಪ, ಚರಂಡಿ, ರಸ್ತೆ, ನೈರ್ಮಲ್ಯ... ವರ್ಷವರ್ಷವೂ ಇದನ್ನೇ ನಾನು ಹೇಳಿ ಬರೆಸಿದ್ದೆ. ಮಕ್ಕಳು ಇದನ್ನೇ ಬಾಯಿಪಾಠ ಮಾಡಿ ಒಪ್ಪಿಸಿದ್ದರು. ಆ ಪುಟವನ್ನು ನೋಡುತ್ತಿದ್ದಂತೆ ಇಪ್ಪತ್ತೈದು ವರ್ಷಗಳ ಹಿಂದಿನ ಒಂದು ಉತ್ತರಪತ್ರಿಕೆ ಕಣ್ಣಮುಂದೆ ಬಂದಿತು. ಇಷ್ಟು ವರ್ಷ ಯಾರಿಗೂ ಹೇಳದ ಆ ಪ್ರಸಂಗವನ್ನು ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳಬೇಕು. ನಾನು ಬಿ.ಇಡಿ. ಮುಗಿಸಿ ಕೆಲಸಕ್ಕೆ ಸೇರಿದ ಕಾಲಕ್ಕೆ ನಮ್ಮ ರಾಜ್ಯದಲ್ಲಿ ಪಂಚಾಯಿತಿಯದೇ ಮಾತು. 1983ರ ಕಾಯಿದೆಯಂತೆ ಮಂಡಲ ಪಂಚಾಯಿತಿ ಮತ್ತು ಜಿಲ್ಲಾ ಪರಿಷತ್ತುಗಳಿಗೆ 1987ರಲ್ಲಿ ಚುನಾವಣೆ ನಡೆದಿತ್ತು. ನಾಲ್ಕರಲ್ಲಿ ಒಂದು ಸ್ಥಾನ ಮಹಿಳೆಯರಿಗೆ ಎಂಬುದು ಆಗ ದೊಡ್ಡ ಸುದ್ದಿ. ಅದರ ಹಿಂದಿದ್ದ ಸಚಿವ ಅಬ್ದುಲ್ ನಜೀರ್ ಸಾಬ್ ಅವರನ್ನು ಜನ ಹಳ್ಳಿಹಳ್ಳಿಗೆ ಕೊಳವೆಬಾವಿ ತೋಡಿಸಿದ್ದಕ್ಕಾಗಿ 'ನೀರ್ ಸಾಬ್' ಎಂದೇ ಕರೆಯುತ್ತಿದ್ದರು. ಅವರು 1988ರಲ್ಲಿ ತೀರಿಕೊಂಡರು. ಮುಂದೆ ಸಂವಿಧಾನದ 73ನೆಯ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದಿತು. ಅದೇ ವರ್ಷ ನಮ್ಮ ರಾಜ್ಯದ ಹೊಸ ಕಾಯಿದೆಯೂ ಬಂದು, ಡಿಸೆಂಬರ್‌ನಲ್ಲಿ ಈಗಿನ ರೂಪದ ಗ್ರಾಮ ಪಂಚಾಯಿತಿಗಳಿಗೆ ಮೊದಲ ಚುನಾವಣೆ ನಡೆಯಿತು. ಮತಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಲಾರಿಯಲ್ಲಿ ಕುಳಿತು ಚುನಾವಣೆ ಕೆಲಸಕ್ಕೆ ಹೋದ ಮೇಷ್ಟ್ರುಗಳಲ್ಲಿ ನಾನೂ ಒಬ್ಬ. ಹೀಗೆ ಚುನಾವಣೆ ನಡೆಸಿದವನು ನಾನು, ಪಾಠ ಹೇಳಿದವನು ನಾನು. ಆದರೆ ಅದೇ ಊರಿನ ಮತದಾರನಾಗಿದ್ದೂ ಒಂದು ಗ್ರಾಮಸಭೆಯಲ್ಲಾದರೂ ಹೋಗಿ ಕುಳಿತವನಲ್ಲ.

1998ರ ಕಿರುಪರೀಕ್ಷೆ. "ಗ್ರಾಮ ಪಂಚಾಯಿತಿಯ ಎಂಟು ಕಾರ್ಯಗಳನ್ನು ಬರೆಯಿರಿ" ಎಂಬುದು ನಾಲ್ಕು ಅಂಕದ ಪ್ರಶ್ನೆ. ಒಂದೊಂದಕ್ಕೆ ಅರ್ಧ ಅಂಕ. ಊರಾಚೆಯ ಕಾಲೊನಿಯಿಂದ ಬರುತ್ತಿದ್ದ ಒಬ್ಬ ಹುಡುಗಿ ಮೊದಲನೆಯ ಅಂಶವನ್ನು ಹೀಗೆ ಬರೆದಿದ್ದಳು: "ಊರಿನ ಜನರಿಗೆ ಕುಡಿಯುವ ನೀರು ಕೊಡುವುದು. ಆದರೆ ನಮ್ಮ ಕಾಲೊನಿಗೆ ಕೊಡುವುದಿಲ್ಲ."

ನಾನು ಎರಡನೆಯ ವಾಕ್ಯದ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಅರ್ಧ ಅಂಕ ಕಳೆದು, ಪಕ್ಕದಲ್ಲಿ "ಅನಾವಶ್ಯಕ" ಎಂದು ಬರೆದೆ.

ಪತ್ರಿಕೆ ಹಂಚಿದ ದಿನ ಆಕೆ ಮೇಜಿನ ಬಳಿ ಬಂದು ನಿಂತಳು. "ಸಾರ್, ಇದರಲ್ಲಿ ತಪ್ಪೇನು ಸಾರ್? ನಾನು ಸುಳ್ಳು ಬರೆದಿಲ್ಲ" ಎಂದಳು. ದನಿಯಲ್ಲಿ ಜಗಳವಿರಲಿಲ್ಲ, ನಿಜಕ್ಕೂ ತಿಳಿದುಕೊಳ್ಳುವ ಇಚ್ಛೆಯಿತ್ತು. ನಾನು "ಪರೀಕ್ಷೆಯಲ್ಲಿ ಪುಸ್ತಕದಲ್ಲಿರುವುದನ್ನು ಬರೆಯಬೇಕಮ್ಮ, ಮನೆಯ ಕಷ್ಟ ಬರೆಯಬಾರದು" ಎಂದೆ. ತರಗತಿ ನಕ್ಕಿತು. ಆಕೆ ಪತ್ರಿಕೆಯನ್ನು ಮಡಿಸಿಕೊಂಡು ಹೋಗಿ ಕುಳಿತಳು.

ಅಂದು ಸಂಜೆ ನನಗೆ ಸಮಾಧಾನವಿರಲಿಲ್ಲ. ಕಾಲೊನಿಯ ಕಡೆಗೆ ಹೋಗಿ ನೋಡಿದೆ. ಹಳೆಯ ಕೈಪಂಪು ಗಾಳಿಯನ್ನಷ್ಟೇ ಉಗುಳುತ್ತಿತ್ತು. ಊರೊಳಗೆ ಹರಿಯುತ್ತಿದ್ದ ನಲ್ಲಿಯ ಕೊಳವೆ ಕಾಲೊನಿಗೆ ಮುಟ್ಟುವ ಮೊದಲೇ ಮುಗಿದುಹೋಗಿತ್ತು. ಹೆಂಗಸರು, ಹುಡುಗಿಯರು ಒಂದು ಮೈಲಿ ದೂರದ ತೋಟದ ಪಂಪ್‌ಸೆಟ್ಟಿಗೆ ಹೋಗಿ, ಕರೆಂಟು ಬಂದ ಹೊತ್ತಿಗೆ ನೀರು ಹಿಡಿಯಬೇಕು. ಆ ಹುಡುಗಿ ವಾರದಲ್ಲಿ ಎರಡು ಮೂರು ದಿನ ಮೊದಲ ಪೀರಿಯಡ್ಡಿಗೆ ತಡವಾಗಿ ಬರುತ್ತಿದ್ದುದು ಏಕೆಂದು ಆಗ ತಿಳಿಯಿತು. ತಡವಾಗಿ ಬಂದದ್ದಕ್ಕೆ ಅವಳನ್ನು ಬಾಗಿಲ ಹೊರಗೆ ನಿಲ್ಲಿಸಿದ್ದವನೂ ನಾನೇ.

ಮರುದಿನ ಪಂಚಾಯಿತಿ ಕಚೇರಿಗೆ ಹೋಗಿ ಅಲ್ಲಿದ್ದವರನ್ನು ಕೇಳಿದೆ: "ಕಾಲೊನಿಯ ನೀರಿನ ವಿಷಯವನ್ನು ಗ್ರಾಮಸಭೆಯಲ್ಲಿ ಎತ್ತಬೇಕೆಂದಿದ್ದೇನೆ. ಮುಂದಿನ ಸಭೆ ಯಾವಾಗ?"

"ಗ್ರಾಮಸಭೆ ಹೋದ ತಿಂಗಳೇ ಆಯಿತಲ್ಲ ಮೇಷ್ಟ್ರೇ. ನೀವೇ ರುಜು ಹಾಕಿದ್ದೀರಲ್ಲ!"

ಪುಸ್ತಕ ತೆಗೆದು ತೋರಿಸಿದರು. ಮೂರನೆಯ ಸಾಲಿನಲ್ಲಿ ನನ್ನ ಸಹಿ, ಇಂಗ್ಲಿಷಿನಲ್ಲಿ, ಗೆರೆ ಎಳೆದು, ಚುಕ್ಕಿ ಇಟ್ಟು. ಆಗ ನೆನಪಾಯಿತು. ಒಂದು ಮಧ್ಯಾಹ್ನ ಕರ ವಸೂಲಿಗಾರರು ಸ್ಟಾಫ್ ರೂಮಿಗೆ ಆ ಪುಸ್ತಕ ತಂದಿದ್ದರು. "ಕೋರಂ ಆಗಬೇಕು, ಮೇಷ್ಟ್ರ ರುಜು ಇದ್ದರೆ ಶೋಭೆ" ಎಂದಿದ್ದರು. ಚಹಾ ಕುಡಿಯುತ್ತಲೇ ನಾನು ಸಹಿ ಹಾಕಿದ್ದೆ. ಏನೆಂದು ಓದಲೂ ಇಲ್ಲ. ಈಗ ಓದಿದೆ. ಆ ವರ್ಷ ಕೈಗೊಳ್ಳುವ ಕಾಮಗಾರಿಗಳಿಗೆ "ಸಭೆಯು ಸರ್ವಾನುಮತದಿಂದ ಒಪ್ಪಿದೆ" ಎಂದಿತ್ತು. ಪಟ್ಟಿಯಲ್ಲಿ ಕಾಲೊನಿಯ ಕೊಳವೆ ಇರಲಿಲ್ಲ. ನಾನು ಬಾಡಿಗೆಗಿದ್ದ ಬೀದಿಯ ಚರಂಡಿ ಇತ್ತು.

ಆ ಹುಡುಗಿಯ ವಾಕ್ಯ "ಅನಾವಶ್ಯಕ" ಎಂದು ಬರೆದ ಕೈಯೇ ಇಲ್ಲಿ ಸಹಿ ಹಾಕಿತ್ತು. ನಡೆಯದ ಸಭೆಯನ್ನು ನಡೆದದ್ದನ್ನಾಗಿ ಮಾಡಿದವರಲ್ಲಿ ನಾನೂ ಒಬ್ಬ. ಪಂಚಾಯಿತಿಯವರನ್ನು ದೂರೋಣವೆಂದು ಹೋದವನು ತಲೆ ತಗ್ಗಿಸಿಕೊಂಡು ಹಿಂದಿರುಗಿದೆ.

ಇಷ್ಟೆಲ್ಲ ನೆನಪಾದ ಮೇಲೆ, 2023ರ ಆ ಮಕ್ಕಳ ಮುಂದೆ ನಿಂತು ಒಂದರಿಂದ ಹನ್ನೆರಡರ ಪಟ್ಟಿಯನ್ನು ಓದಲು ಮನಸ್ಸು ಬರಲಿಲ್ಲ. ಟಿಪ್ಪಣಿ ಪುಸ್ತಕವನ್ನು ಮನೆಯಲ್ಲೇ ಬಿಟ್ಟು ಹೋದೆ.

ಸಭೆ ನಡೆದದ್ದು ಶಾಲೆಯ ಮರದ ನೆರಳಿನಲ್ಲಿ. ಮಕ್ಕಳು ನೂರಕ್ಕೂ ಮೇಲಿದ್ದರು. ಅಧ್ಯಕ್ಷೆ, ಸದಸ್ಯರು, ಪಿಡಿಒ ಎಂದು ಎಲ್ಲರೂ ಕರೆಯುವ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಶಾಲೆಯ ಮುಖ್ಯೋಪಾಧ್ಯಾಯರು ಬೆಂಚಿನ ಮೇಲೆ ಕುಳಿತಿದ್ದರು. ನಾನು ಕೇಳಿದೆ: "ನಿಮ್ಮ ಬೀದಿಯ ನಲ್ಲಿಯಲ್ಲಿ ಮೂರು ದಿನದಿಂದ ನೀರು ಬಂದಿಲ್ಲ. ಯಾರಿಗೆ ಹೇಳುತ್ತೀರಿ?"

"ನೀರುಗಂಟಿಗೆ!" ಎಂದರು ಒಕ್ಕೊರಲಿನಿಂದ.

"ಸರಿ. ಕೀಲಿ ತಿರುಗಿಸಿ ನೀರು ಬಿಡುವುದು ಅವರ ಕೆಲಸ. ಆದರೆ ಮೋಟಾರೇ ಸುಟ್ಟಿದ್ದರೆ?" ಇಲ್ಲಿಗೆ ಮಕ್ಕಳು ಸುಮ್ಮನಾದರು. ಅಲ್ಲಿಂದ ನಾವು ನಲ್ಲಿಯ ಬೆನ್ನು ಹಿಡಿದು ಹೊರಟೆವು.

ನೀರುಗಂಟಿಯ ಮೇಲೆ ಯಾರು? ನಿಮ್ಮ ವಾರ್ಡಿನ ಸದಸ್ಯರು. ಸುಮಾರು 400 ಜನರಿಗೆ ಒಬ್ಬರಂತೆ ಅವರನ್ನು ಆರಿಸುತ್ತೇವೆ. ಓಟು ಹಾಕಲು 18 ವರ್ಷ ತುಂಬಿರಬೇಕು, ಚುನಾವಣೆಗೆ ನಿಲ್ಲಲು 21. ಶಾಸಕರ ಚುನಾವಣೆಯಲ್ಲಿ ಇರುವಂತೆ ಇಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ. ಏಕೆಂದರೆ ಚರಂಡಿಗೆ ಪಕ್ಷವಿಲ್ಲ. ಸದಸ್ಯರ ಅವಧಿ ಐದು ವರ್ಷ. 2010ರ ತಿದ್ದುಪಡಿಯ ಮೇಲೆ ಅರ್ಧದಷ್ಟು ಸ್ಥಾನ ಮಹಿಳೆಯರದು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗಗಳಿಗೂ ಸ್ಥಾನ ಮೀಸಲು. ಸದಸ್ಯರೆಲ್ಲ ಸೇರಿ ತಮ್ಮೊಳಗೇ ಒಬ್ಬ ಅಧ್ಯಕ್ಷರನ್ನೂ ಒಬ್ಬ ಉಪಾಧ್ಯಕ್ಷರನ್ನೂ ಆರಿಸಿಕೊಳ್ಳುತ್ತಾರೆ.

ಹೊಸ ಮೋಟಾರು ಬೇಕೆಂದರೆ ಸದಸ್ಯರೊಬ್ಬರೇ ಕೊಳ್ಳುವಂತಿಲ್ಲ, ಅಧ್ಯಕ್ಷರೂ ಕೊಳ್ಳುವಂತಿಲ್ಲ. ಪಂಚಾಯಿತಿ ಸಭೆಯಲ್ಲಿ ವಿಷಯ ಬರಬೇಕು, ಚರ್ಚೆಯಾಗಬೇಕು, ನಿರ್ಣಯವಾಗಬೇಕು, ಅದನ್ನು ಪುಸ್ತಕದಲ್ಲಿ ಬರೆಯಬೇಕು. ಬರೆದದ್ದನ್ನು ಮಾಡಿಸುವ ಹೊಣೆ ಪಿಡಿಒ ಅವರದು. ಅವರು ಸರ್ಕಾರದ ನೌಕರರು. ಆರಿಸಿ ಬಂದವರು ತೀರ್ಮಾನಿಸುತ್ತಾರೆ, ನೌಕರರು ನೆರವೇರಿಸುತ್ತಾರೆ. ಒಬ್ಬರ ಕೆಲಸವನ್ನು ಇನ್ನೊಬ್ಬರು ಮಾಡಹೊರಟರೆ ಎತ್ತು ಏರಿಗೆ, ಕೋಣ ನೀರಿಗೆ.

"ದುಡ್ಡು ಎಲ್ಲಿಂದ ಬರುತ್ತೆ?" ಎಂದು ಮುಂದಿನ ಸಾಲಿನ ಪುಟ್ಟ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಒಂದಿಷ್ಟು ಹಣ ಕೇಂದ್ರ ಹಣಕಾಸು ಆಯೋಗದ ಶಿಫಾರಸಿನಂತೆ ಬರುತ್ತದೆ, ಒಂದಿಷ್ಟು ರಾಜ್ಯ ಸರ್ಕಾರದಿಂದ ಬರುತ್ತದೆ. ಉಳಿದದ್ದು ನಮ್ಮದೇ: ಮನೆ ಕಂದಾಯ, ನೀರಿನ ಕರ, ಅಂಗಡಿಯ ಪರವಾನಗಿ ಶುಲ್ಕ, ಸಂತೆಯ ಸುಂಕ. "ನಮ್ಮಪ್ಪ ಕಂದಾಯ ಕಟ್ಟಿಲ್ಲ ಸಾರ್, ಎರಡು ವರ್ಷದಿಂದ" ಎಂದು ಅವನು ಗಟ್ಟಿಯಾಗಿ ಹೇಳಿಯೇಬಿಟ್ಟ. ಸದಸ್ಯರೆಲ್ಲ ನಕ್ಕರು. ನಾನು ನಗಲಿಲ್ಲ. "ಮನೆಗೆ ಹೋಗಿ ಅಪ್ಪನಿಗೆ ಹೇಳು: ಕಂದಾಯ ಕಟ್ಟಿದವನ ಪ್ರಶ್ನೆಗೆ ಬಲ ಹೆಚ್ಚು" ಎಂದೆ.

ಪಂಚಾಯಿತಿಯ ಕೈ ಎಲ್ಲಿಗೆ ಮುಟ್ಟುವುದಿಲ್ಲ ಎಂಬುದನ್ನೂ ಹೇಳಬೇಕಲ್ಲ. ಸಂವಿಧಾನದ 11ನೆಯ ಅನುಸೂಚಿಯಲ್ಲಿ 29 ವಿಷಯಗಳ ಪಟ್ಟಿ ಇದೆಯಾದರೂ ಎಲ್ಲವೂ ಪೂರ್ತಿಯಾಗಿ ಗ್ರಾಮ ಪಂಚಾಯಿತಿಯ ಕೈಯಲ್ಲಿಲ್ಲ. ಶಾಲೆಗೆ ಮೇಷ್ಟ್ರನ್ನು ಹಾಕುವುದು ಶಿಕ್ಷಣ ಇಲಾಖೆ. ಬಸ್ಸು ಬಿಡುವುದು ಸಾರಿಗೆ ನಿಗಮ. ಆದರೆ "ನಮ್ಮ ಊರಿಗೆ ಬೇಕು" ಎಂದು ನಿರ್ಣಯ ಮಾಡಿ ಪತ್ರ ಬರೆಯಬಹುದು. ಒಬ್ಬರ ಅರ್ಜಿಗಿಂತ ಊರಿನ ನಿರ್ಣಯಕ್ಕೆ ತೂಕ ಹೆಚ್ಚು. ಮೇಲೆ ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿಗಳಿವೆ ಎಂದಾಗ ಒಬ್ಬಳು "ನಮ್ಮ ತಾಲ್ಲೂಕು ಪಂಚಾಯಿತಿ ಸದಸ್ಯರು ಯಾರು ಸಾರ್?" ಎಂದಳು. ಅವರ ಅವಧಿ 2021ರಲ್ಲಿ ಮುಗಿದಿತ್ತು. ನಾನು ಅಲ್ಲಿ ನಿಂತು ಮಾತನಾಡುತ್ತಿದ್ದಾಗಲೂ ಹೊಸ ಚುನಾವಣೆ ನಡೆದಿರಲಿಲ್ಲ. ಆ ಕುರ್ಚಿ ಖಾಲಿ ಇದೆ ಎಂಬ ನಿಜವನ್ನೇ ಹೇಳಿದೆ. ಪುಸ್ತಕದಲ್ಲಿ ಇಲ್ಲದ್ದನ್ನು ಹೇಳಲು ನನಗೀಗ ಅಂಜಿಕೆಯಿಲ್ಲ.

ಆಮೇಲೆ ಒಂದು ಕಥೆ ಹೇಳಿದೆ. ತಮಿಳುನಾಡಿನ ಕಾಂಚೀಪುರಂ ಬಳಿ ಉತ್ತಿರಮೇರೂರು ಎಂಬ ಊರಿದೆ. ಅಲ್ಲಿಯ ದೇವಾಲಯದ ಗೋಡೆಯಲ್ಲಿ ಚೋಳ ದೊರೆ ಒಂದನೆಯ ಪರಾಂತಕನ ಕಾಲದ, ಅಂದರೆ ಸುಮಾರು 920ರ ಶಾಸನಗಳಿವೆ. ಊರಿನ ಸಮಿತಿಗಳಿಗೆ ಯಾರು ಬರಬೇಕೆಂದು ಓಲೆಯ ಮೇಲೆ ಹೆಸರು ಬರೆದು ಗಡಿಗೆಯಲ್ಲಿ ಹಾಕುತ್ತಿದ್ದರು. ಚೀಟಿ ಎತ್ತಲು ಏನೂ ಅರಿಯದ ಬಾಲಕನೊಬ್ಬನನ್ನು ಕರೆಯುತ್ತಿದ್ದರು. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನ ಹೆಸರನ್ನು ಗಡಿಗೆಗೇ ಹಾಕುವಂತಿರಲಿಲ್ಲ. ಮಕ್ಕಳಿಗೆ ಇದು ಬಹಳ ಹಿಡಿಸಿತು. "ಆದರೆ ಕೇಳಿ" ಎಂದೆ, "ಆ ಗಡಿಗೆಯಲ್ಲಿ ಹೆಂಗಸರ ಹೆಸರಿರಲಿಲ್ಲ, ಭೂಮಿ ಇಲ್ಲದವರ ಹೆಸರಿರಲಿಲ್ಲ. ಊರು ತನ್ನನ್ನು ತಾನು ಆಳಿಕೊಳ್ಳುವುದು ಹಳೆಯ ಸಂಗತಿ. ಎಲ್ಲರೂ ಸೇರಿ ಆಳಿಕೊಳ್ಳುವುದು ಹೊಸ ಸಂಗತಿ."

ಅಂಬೇಡ್ಕರ್ ಅವರು 1948ರಲ್ಲಿ ಸಂವಿಧಾನ ಸಭೆಯಲ್ಲಿ ಹಳ್ಳಿಯ ಬಗ್ಗೆ ಕಟುವಾದ ಮಾತಾಡಿದ್ದನ್ನು ನಾನು ಕಾಲೇಜಿನಲ್ಲಿ ಓದಿದಾಗ ಅತಿಯಾಯಿತೆಂದುಕೊಂಡಿದ್ದೆ. ಕಾಲೊನಿಗೆ ಮುಟ್ಟುವ ಮೊದಲೇ ನಿಂತ ಕೊಳವೆಯನ್ನು ನೋಡಿದ ಮೇಲೆ ಅವರ ಆತಂಕ ಅರ್ಥವಾಯಿತು. ಗಾಂಧೀಜಿ ಕಂಡ ಗ್ರಾಮ ಸ್ವರಾಜ್ಯ ಸುಳ್ಳಲ್ಲ. ಆದರೆ ಊರೆಂದರೆ ಯಾರು ಯಾರು ಎಂಬ ಪ್ರಶ್ನೆಗೆ ಉತ್ತರ ಕೊಡದೆ ಅದು ನಿಜವಾಗದು.

ಕೊನೆಗೆ ಗ್ರಾಮಸಭೆಯ ವಿಷಯಕ್ಕೆ ಬಂದೆ. "ಇಷ್ಟರಲ್ಲಿ ಎಲ್ಲರಿಗಿಂತ ದೊಡ್ಡವರು ಯಾರು?" ಎಂದರೆ ಮಕ್ಕಳು ಅಧ್ಯಕ್ಷೆಯತ್ತ ಬೆರಳು ತೋರಿಸಿದರು. ಅಲ್ಲ. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರು. ಅದಕ್ಕೆ ಯಾರೂ ಆರಿಸಿ ಬರಬೇಕಿಲ್ಲ, ಅವಧಿಯೂ ಮುಗಿಯುವುದಿಲ್ಲ. ವರ್ಷಕ್ಕೆ ಎರಡು ಬಾರಿಯಾದರೂ ಅದು ಸೇರಬೇಕು. ಮತದಾರರಲ್ಲಿ ಹತ್ತನೆಯ ಒಂದು ಭಾಗ ಅಥವಾ ನೂರು ಮಂದಿ, ಯಾವುದು ಕಡಿಮೆಯೋ ಅಷ್ಟು ಜನರಿದ್ದರೆ ಮಾತ್ರ ಸಭೆ. ಯಾವ ಕೆಲಸ ಮೊದಲು, ಮನೆ ಯಾರಿಗೆ, ಹೋದ ವರ್ಷದ ಹಣ ಏನಾಯಿತು ಎಂದು ಕೇಳುವ ಜಾಗ ಅದು. ಅಷ್ಟು ಹೇಳಿ, ನನ್ನ ಸಹಿಯ ಕಥೆಯನ್ನೂ ಅರ್ಧ ಅಂಕದ ಕಥೆಯನ್ನೂ ಮಕ್ಕಳಿಗೆ ಮುಚ್ಚುಮರೆಯಿಲ್ಲದೆ ಹೇಳಿದೆ. ಬೆಂಚಿನ ಮೇಲಿದ್ದವರು ನೆಲ ನೋಡುತ್ತಿದ್ದರು. ಮಕ್ಕಳು ನನ್ನನ್ನು ನೋಡುತ್ತಿದ್ದರು.

ಬಳಿಕ ಮಕ್ಕಳ ಸರದಿ. ಹೆಣ್ಣುಮಕ್ಕಳ ಶೌಚಾಲಯಕ್ಕೆ ಚಿಲಕವಿಲ್ಲ. ಶಾಲೆಯ ಹಿಂದೆ ಬಾಟಲಿ ಚೂರು ಬೀಳುತ್ತದೆ. ಅರಿವು ಕೇಂದ್ರ ಎಂದು ಹೆಸರಾದ ಪಂಚಾಯಿತಿ ಗ್ರಂಥಾಲಯ ನಾವು ಶಾಲೆಯಿಂದ ಬರುವ ಹೊತ್ತಿಗೆ ಮುಚ್ಚಿರುತ್ತದೆ. ಒಂದೊಂದನ್ನೂ ಪಿಡಿಒ ಬರೆದುಕೊಂಡರು. ಚಿಲಕ ಮರುವಾರವೇ ಬಂದಿತಂತೆ. ಉಳಿದವು ತಡವಾಗುತ್ತವೆಂದು ಶಿಷ್ಯೆ ಆಮೇಲೆ ತಿಳಿಸಿದಳು.

ಊಟದ ಹೊತ್ತಿಗೆ ಆಕೆ ನನ್ನ ಬಳಿ ಬಂದು, "ಮೇಷ್ಟ್ರೇ, ಆ ಅರ್ಧ ಅಂಕದವಳು ನನ್ನ ಬೆಂಚಿನಲ್ಲೇ ಕೂರುತ್ತಿದ್ದಳು. ಈಗ ಬೇರೆ ತಾಲ್ಲೂಕಿನಲ್ಲಿ ಅಂಗನವಾಡಿ ಕಾರ್ಯಕರ್ತೆ. ಮಾತಾಡುತ್ತೀರಾ?" ಎಂದು ಫೋನು ಹಚ್ಚಿ ಕೈಗೆ ಕೊಟ್ಟಳು.

"ಅಮ್ಮಾ, ನಿನಗೆ ನಾನು ಅರ್ಧ ಅಂಕ ಬಾಕಿ" ಎಂದೆ. ಅವಳಿಗೆ ಅಂಕದ ನೆನಪೇ ಇರಲಿಲ್ಲ. ನೆನಪಿದ್ದುದು ಮತ್ತೊಂದು. 1999ರ ಬೇಸಿಗೆಯ ಗ್ರಾಮಸಭೆಗೆ ನಾನು ಕಾಲೊನಿಯ ಮನೆಮನೆಗೆ ಹೋಗಿ ದಿನಾಂಕ ತಿಳಿಸಿದ್ದೆ, ಮಾಡಿದ್ದು ಅಷ್ಟೇ. ನಲವತ್ತಕ್ಕೂ ಹೆಚ್ಚು ಹೆಂಗಸರು ಖಾಲಿ ಕೊಡ ಹಿಡಿದು ಬಂದರು. ಅವಳ ತಾಯಿ ಎದ್ದು ನಿಂತು ನಾಲ್ಕು ಮಾತಾಡಿದರು. ಕೊಳವೆ ಕಾಲೊನಿ ಮುಟ್ಟಲು ಅದಾದ ಮೇಲೂ ಒಂದು ವರ್ಷ, ಇನ್ನೊಂದು ಗ್ರಾಮಸಭೆ ಬೇಕಾಯಿತು.

"ಸಾರ್, ಅವತ್ತು ಅಮ್ಮನ ಹೆಸರನ್ನು ಪುಸ್ತಕದಲ್ಲಿ ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡರು. ಸಾಲದ ಪತ್ರ ಬಿಟ್ಟು ಬೇರೆಲ್ಲೂ ಅಮ್ಮ ಹೆಬ್ಬೆಟ್ಟು ಒತ್ತಿರಲಿಲ್ಲ. ಸಾಯುವ ತನಕ ಹೇಳಿಕೊಳ್ಳುತ್ತಿದ್ದಳು" ಎಂದಳು.

ಒಂದೇ ಪುಸ್ತಕ. ಒಂದು ಪುಟದಲ್ಲಿ ಓದಿದವನ ಸಹಿ, ಇನ್ನೊಂದು ಪುಟದಲ್ಲಿ ಓದು ಬಾರದ ತಾಯಿಯ ಹೆಬ್ಬೆಟ್ಟು. ಪಂಚಾಯಿತಿಯ ಪಾಠವನ್ನು ಸರಿಯಾಗಿ ಬರೆದವರು ಯಾರೆಂದು ನೀವೇ ಹೇಳಿ.

ಹಳ್ಳಿಗಳಲ್ಲೇ ಇರುವ ನನ್ನ ಶಿಷ್ಯರಲ್ಲಿ ಒಂದು ವಿನಂತಿ. ಗ್ರಾಮಸಭೆಯ ದಿನಾಂಕವನ್ನು ಪಂಚಾಯಿತಿಯ ಸೂಚನಾ ಫಲಕದಲ್ಲಿ ನೋಡಿ, ಒಂದು ಬೆಳಗು ಬಿಡುವು ಮಾಡಿಕೊಂಡು ಹೋಗಿ ಕುಳಿತುಕೊಳ್ಳಿ. ಪುಸ್ತಕ ಮನೆಗೇ ಬಂದರೆ ಸಹಿ ಹಾಕಬೇಡಿ. ಮೇಷ್ಟ್ರು ಹೇಳಿದರೆಂದು ಹೇಳಿ.